ಕಾಲು ಕಡಿಯಾಕ ರೊಕ್ಕ ಐತಿ, ಉಳಿಸಾಕ ಇಲ್ಲ

ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತರೆ ಅದನ್ನು ಕಡಿಸಿಕೊಳ್ಳಲು ಸರ್ಕಾರದ ಕಾರ್ಡಿನಲ್ಲಿ ರೊಕ್ಕ ಇದೆ. ಮೂತ್ರಪಿಂಡ ಕೆಟ್ಟರೆ ಡಯಾಲಿಸಿಸ್ ಮಾಡಿಸಿಕೊಳ್ಳಲು ಇದೆ. ಆದರೆ ಕಾಲು ಕೊಳೆಯದ ಹಾಗೆ, ಮೂತ್ರಪಿಂಡ ಕೆಡದ ಹಾಗೆ ದಿನಾ ನೋಡಿಕೊಳ್ಳಲು ಬೇಕಾದ ಔಷಧ, ಸೂಜಿ, ರಕ್ತ ನೋಡುವ ಪಟ್ಟಿ, ಇವಕ್ಕೆ ಆ ಕಾರ್ಡಿನಲ್ಲಿ ರೊಕ್ಕ ಇಲ್ಲ. ಇದು ಯಾರೋ ಗುಮಾಸ್ತನ ಕೈತಪ್ಪು ಅಲ್ಲ. ಯೋಜನೆಯನ್ನು ಕಟ್ಟಿದ್ದೇ ಹೀಗೆ. ಬಿದ್ದ ಮೇಲೆ ಎತ್ತುತ್ತೇವೆ, ನಿಂತಿರುವಾಗ ಕೈ ಹಿಡಿಯುವುದಿಲ್ಲ ಅನ್ನುವುದರ ಹಿಂದೆ ಯಾವ ನ್ಯಾಯ ಇದೆ? ಈ ಪ್ರಶ್ನೆಯನ್ನು ನಾವು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕೇರಿ ಓಣಿಗಳಲ್ಲಿ ನಿಂತು ಕೇಳಬೇಕಾಗಿದೆ.

"ಅದು ಉಂಡು ಕುಂತವರ ಬ್ಯಾನಿ ಬಿಡ್ರಿ" ಅನ್ನುವವರು ಇನ್ನೂ ಇದ್ದಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಲೆಕ್ಕ ಹಾಕಿತು. ಉಂಡು ಕುಂತವರು ಇಷ್ಟೊಂದು ಮಂದಿ ಎಲ್ಲಿಂದ ಬಂದರು? ರೇಷನ್ ಅಕ್ಕಿಯ ಮೇಲೆ ಬದುಕುವವರಿಗೂ ಈ ಕಾಯಿಲೆ ಬರುತ್ತದೆ. ಅದರೊಳಗೂ ಇನ್ನೊಂದು ಬಗೆ ಇದೆ. ಅದನ್ನು ಒಂದನೇ ಟೈಪು ಅನ್ನುತ್ತಾರೆ. ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಮಗುವಿನ ಮೈಯೇ ನಾಶ ಮಾಡಿಬಿಡುತ್ತದೆ. ತಿಂದದ್ದರಿಂದ ಬಂದದ್ದಲ್ಲ, ತಾಯಿಯ ತಪ್ಪಲ್ಲ, ಮಗುವಿನ ತಪ್ಪಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಮಗು ಕೆಲವು ದಿನಗಳಲ್ಲಿ ಸಾಯುತ್ತದೆ. ಕೊಟ್ಟರೆ ಎಲ್ಲರ ಹಾಗೆ ಓದಿ, ದುಡಿದು, ಮುದುಕನಾಗುವ ತನಕ ಬದುಕುತ್ತದೆ. ಸಾವಿಗೂ ಬದುಕಿಗೂ ನಡುವೆ ಇರುವುದು ಒಂದು ಸಣ್ಣ ಬಾಟಲಿ, ಅದೂ ದಿನಾ.

ಈಗ ಒಂದು ಲೆಕ್ಕ ಹಾಕೋಣ. ನಮ್ಮ ಶಾಲೆಗಳಲ್ಲಿ ಮಾಸ್ತರರು ಹಾಕಿಸಬಹುದಾದ ಲೆಕ್ಕ ಇದು. ಮೂವತ್ತು ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು 25 ಯೂನಿಟ್ ಇನ್ಸುಲಿನ್ ಬೇಕು ಅನ್ನಿ. ಒಂದು ಬಾಟಲಿಯಲ್ಲಿ 400 ಯೂನಿಟ್. ತಿಂಗಳಿಗೆ ಎರಡು ಬಾಟಲಿ. ಸಾದಾ ಇನ್ಸುಲಿನ್ ಸರ್ಕಾರದ ಬೆಲೆ ನಿಯಂತ್ರಣದಲ್ಲಿ ಇರುವುದರಿಂದ ಬಾಟಲಿಗೆ ನೂರೈವತ್ತು ಇನ್ನೂರರ ಆಸುಪಾಸು. ಇದಿಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಎಷ್ಟು ಇನ್ಸುಲಿನ್ ಚುಚ್ಚಬೇಕು ಅಂತ ತಿಳಿಯಲು ದಿನಕ್ಕೆ ನಾಲ್ಕು ಸಲವಾದರೂ ರಕ್ತ ನೋಡಬೇಕು. ಒಂದು ಪಟ್ಟಿಗೆ ಹದಿನೈದು ರೂಪಾಯಿ ಹಿಡಿದರೂ ತಿಂಗಳಿಗೆ ₹1,800. ಉದ್ಯೋಗ ಖಾತ್ರಿಯಲ್ಲಿ 2025–26ರಲ್ಲಿ ನಮ್ಮ ರಾಜ್ಯದ ದಿನಗೂಲಿ ₹370 ಇತ್ತು. ಅಂದರೆ ಬರೀ ರಕ್ತ ನೋಡಲು ಐದು ದಿನದ ಕೂಲಿ. ಔಷಧಕ್ಕಿಂತ ಅಳತೆಯೇ ತುಟ್ಟಿ. ಹೀಗಾಗಿ ಬಡವರ ಮನೆಯಲ್ಲಿ ಮೊದಲು ಬಿಡುವುದು ಅಳತೆಯನ್ನು. ಕಣ್ಣು ಕಟ್ಟಿಕೊಂಡು ಸೂಜಿ ಚುಚ್ಚುತ್ತಾರೆ. ಹೆಚ್ಚಾದರೆ ಮಗು ಎಚ್ಚರ ತಪ್ಪುತ್ತದೆ, ಕಡಿಮೆಯಾದರೆ ರಕ್ತ ವಿಷವಾಗುತ್ತದೆ. ಬ್ಯಾಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಬಾಟಲಿಯನ್ನು ಹಸಿ ಉಸುಕಿನಲ್ಲಿ ಇಟ್ಟ ಮಣ್ಣಿನ ಗಡಿಗೆಯಲ್ಲಿ ಕಾಪಾಡಬೇಕು. ಈ ಜಾಣತನ ನಮ್ಮ ತಾಯಂದಿರಿಗೆ ಇದೆ. ಇಲ್ಲದಿರುವುದು ರೊಕ್ಕ.

ಸರ್ಕಾರಿ ದವಾಖಾನೆಯಲ್ಲಿ ಇನ್ಸುಲಿನ್ ಪುಕ್ಕಟೆ ಕೊಡುತ್ತಾರೆ, ಸ್ಟಾಕು ಇದ್ದಾಗ. ಇಲ್ಲದಾಗ ಏನು? ಆಗ ಕಾರ್ಡಿನ ಮಾತು ಬರುತ್ತದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದ ತನಕ ಚಿಕಿತ್ಸೆ ಉಂಟು. ಐದು ಲಕ್ಷ! ಈ ಅಂಕಿ ಕೇಳಿದರೆ ಯಾರಿಗಾದರೂ ಧೈರ್ಯ ಬರಬೇಕು. ಆದರೆ ಅದು ದವಾಖಾನೆಯಲ್ಲಿ ಮಲಗಿದವರ ರೊಕ್ಕ. ಮಗು ಪ್ರಜ್ಞೆ ತಪ್ಪಿ ಭರ್ತಿಯಾದರೆ ಕಾರ್ಡು ನಡೆಯುತ್ತದೆ. ಆಯುಷ್ಮಾನ್ ಭಾರತದ ನಿಯಮದಲ್ಲಿ ಬಿಡುಗಡೆಯಾದ ಮೇಲೆ 15 ದಿನದ ಔಷಧವೂ ಸೇರಿದೆ. ಹದಿನಾರನೆಯ ದಿನ? ಹದಿನಾರನೆಯ ದಿನ ಮಗು ಮತ್ತೆ ತಾಯಿಯ ಪಾಲು. "ಸಾಹೇಬ್ರ, ಕೂಸು ಬೀಳೂದಕ್ಕಿಂತ ಮೊದ್ಲ ಕೊಡಾಕ ಬರೂದಿಲ್ಲೇನ್ರಿ?" ಅಂತ ಹುನಗುಂದದ ಯಾವ ತಾಯಿಯಾದರೂ ಕೇಳಬಹುದು. ಆ ಪ್ರಶ್ನೆಗೆ ಉತ್ತರ ಕೊಡುವ ಕೌಂಟರು ಎಲ್ಲೂ ಇಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಗಿದೆ, ಒಳ್ಳೇದು. ಆದರೆ ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗಿ ಚೀಟಿ ಬರೆಸಿಕೊಂಡು ಬರುವ ದಿನದ ಕೂಲಿಯನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ.

ಇಳಕಲ್ಲಿನ ನೇಕಾರರಿಗೆ ಇನ್ನೊಂದು ನೆನಪಿರಬೇಕು. 2005–06ರಲ್ಲಿ ಕೇಂದ್ರ ಸರ್ಕಾರ ಕೈಮಗ್ಗದವರಿಗೆ ಒಂದು ಆರೋಗ್ಯ ವಿಮೆ ತಂದಿತ್ತು. ಕುಟುಂಬಕ್ಕೆ ವರ್ಷಕ್ಕೆ ಬರೀ ₹15,000. ಆದರೆ ಅದರೊಳಗೆ ₹7,500 ಹೊರರೋಗಿಗಳ ಚಿಕಿತ್ಸೆಗೆ ಇತ್ತು. ಮೊದಲೇ ಇದ್ದ ರೋಗಕ್ಕೂ ನಡೆಯುತ್ತಿತ್ತು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂತು ಟೋಪ್ ತೆನಿ ಸೀರೆ ನೇಯುವವನಿಗೆ ಬೇಕಾದದ್ದು ಇಂಥದ್ದೇ. ಆ ಯೋಜನೆ ಈಗಿಲ್ಲ. ಈಗ ಇರುವುದು ಐದು ಲಕ್ಷದ ಕಾರ್ಡು. ಮೊತ್ತ ಬೆಳೆಯಿತು, ಹೊರರೋಗಿಯ ಬಾಗಿಲು ಮುಚ್ಚಿತು. ಇ.ಎಸ್.ಐ. ಯೋಜನೆಯಲ್ಲಿ ಇವತ್ತಿಗೂ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ದಿನನಿತ್ಯದ ಔಷಧ ಸಿಗುತ್ತದೆ. ಆದರೆ ಅದಕ್ಕೆ ಹತ್ತು ಜನ ದುಡಿಯುವ ಕಾರ್ಖಾನೆ ಬೇಕು, ಹಾಜರಿ ಪುಸ್ತಕದಲ್ಲಿ ಹೆಸರು ಬೇಕು. ಮನೆಯ ಮಗ್ಗದವನ ಹೆಸರು, ಬಾದಾಮಿ ಕಡೆಯಿಂದ ಗೋವಾಕ್ಕೆ ಮಂಗಳೂರಿಗೆ ಗುಳೆ ಹೋದವನ ಹೆಸರು, ಪರರ ಹೊಲದಲ್ಲಿ ಕಳೆ ತೆಗೆಯುವವಳ ಹೆಸರು ಯಾವ ಪುಸ್ತಕದಲ್ಲಿ ಇದೆ?

ಇಲ್ಲಿ ನಾವು ವಿಮೆ ಅನ್ನುವ ಮಾತನ್ನೇ ಬಿಚ್ಚಿ ನೋಡಬೇಕು. ವಿಮೆಯ ತತ್ವ ಅಪಘಾತದ ತತ್ವ. ಬೆಂಕಿ ಬೀಳಬಹುದು, ಬೀಳದೆ ಇರಬಹುದು. ಬಿದ್ದವನಿಗೆ ಬೀಳದವರು ಕೊಡುತ್ತಾರೆ. ಆದರೆ ಇನ್ಸುಲಿನ್ ಬೇಕಾಗುವುದು ಅಪಘಾತ ಅಲ್ಲ. ನಾಳೆ ಬೆಳಿಗ್ಗೆ ಅದು ಬೇಕೇ ಬೇಕು ಅನ್ನುವುದು ಸೂರ್ಯ ಹುಟ್ಟುವಷ್ಟು ಖಾತ್ರಿ. ಖಾತ್ರಿ ಇರುವ ಗಿರಾಕಿಯನ್ನು ವಿಮೆಯ ವ್ಯಾಪಾರಿ ಒಲ್ಲೆ ಅನ್ನುತ್ತಾನೆ. ಖಾಸಗಿ ಪಾಲಿಸಿಯ ಕಾಗದದಲ್ಲಿ "ಮೊದಲೇ ಇದ್ದ ರೋಗ" ಅನ್ನುವ ಮಾತು ಇರುತ್ತದೆ. ಹಾಗಿದ್ದವರನ್ನು ನಾಲ್ಕು ವರ್ಷದ ತನಕ ಕಾಯಿಸಬಹುದಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಮೂರು ವರ್ಷಕ್ಕೆ ಇಳಿಸಿತು. ಇನ್ಸುಲಿನ್ ಇಲ್ಲದೆ ಒಂದು ವಾರ ಕಳೆಯಲಾರದ ಮಗು ಮೂರು ವರ್ಷ ಕಾಯಬೇಕು!

"ಮೊದಲೇ ಇದ್ದದ್ದು." ಈ ಮಾತನ್ನು ನಾವು ಎಲ್ಲೋ ಕೇಳಿದ್ದೇವೆ ಅಲ್ಲವೆ? ಹೊಲೆಗೇರಿಯಲ್ಲಿ ಹುಟ್ಟಿದವನಿಗೆ ಪುರೋಹಿತ ಹೇಳಿದ್ದು ಇದನ್ನೇ. ನಿನ್ನ ಕಷ್ಟ ಈಗ ಬಂದದ್ದಲ್ಲ, ಹಿಂದಿನ ಜನ್ಮದಿಂದ ತಂದದ್ದು, ಅದಕ್ಕೆ ನಾವು ಹೊಣೆ ಅಲ್ಲ. ಅವನ ಕೈಯಲ್ಲಿ ಪಂಚಾಂಗ ಇತ್ತು, ಇವನ ಕೈಯಲ್ಲಿ ಪಾಲಿಸಿ ಇದೆ. ಹುಟ್ಟಿನೊಂದಿಗೆ ಬಂದದ್ದನ್ನು ಮನುಷ್ಯನ ಲೆಕ್ಕದಲ್ಲೇ ಬರೆದು ಸಮಾಜದ ಕೈ ತೊಳೆಯುವ ಕೆಲಸ ಇಬ್ಬರದೂ ಒಂದೇ. ಈ ಕರ್ಮ ಸಿದ್ಧಾಂತವನ್ನು ಒಪ್ಪದವರು ಆ ಕರ್ಮ ಸಿದ್ಧಾಂತವನ್ನೂ ಒಪ್ಪಬಾರದು.

ಇನ್ನು ಪಂಪಿನ ಮಾತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ. ಚರ್ಮದ ಕೆಳಗೆ ಕೂಡಿಸಿದ ನಳಿಕೆಯಿಂದ ದಿನವಿಡೀ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ದಿನಕ್ಕೆ ನಾಲ್ಕೈದು ಸಲ ಚುಚ್ಚಿಕೊಳ್ಳುವುದು ತಪ್ಪುತ್ತದೆ, ರಾತ್ರಿ ಸಕ್ಕರೆ ಇಳಿದು ಎಚ್ಚರ ತಪ್ಪುವ ಅಂಜಿಕೆ ಹಲವರಿಗೆ ಕಡಿಮೆಯಾಗುತ್ತದೆ. ಆದರೆ ಬೆಲೆ ಲಕ್ಷಗಟ್ಟಲೆ. ನಳಿಕೆಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು, ತಿಂಗಳ ಸಾಮಾನಿಗೇ ಸಾವಿರಗಟ್ಟಲೆ. ಯಂತ್ರವನ್ನು ಯಾರಾದರೂ ಪುಣ್ಯಾತ್ಮರು ಒಮ್ಮೆ ದಾನ ಕೊಟ್ಟಾರು. ಮುಂದಿನ ತಿಂಗಳ ನಳಿಕೆ? ಅದರ ಮುಂದಿನದು? ನಳಿಕೆ ಕಟ್ಟಿಕೊಂಡರೆ ಕೆಲವೇ ತಾಸುಗಳಲ್ಲಿ ಜೀವಕ್ಕೆ ಅಪಾಯ. ಹೀಗಾಗಿ ದಾನದ ಪಂಪು ಕಡೆಗೆ ಟ್ರಂಕಿನ ತಳ ಸೇರುತ್ತದೆ. ದಾನ ಕೊಡುವವನ ಮನಸ್ಸಿಗೆ ಒಂದು ದಿನ ಸಾಕು, ರೋಗಿಗೆ ಎಲ್ಲ ದಿನವೂ ಬೇಕು.

ಕೂಲಿಯವನ ಮಗಳಿಗೆ ಪಂಪು ಬೇಕು ಅಂದರೆ ನಗುವವರಿದ್ದಾರೆ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅನ್ನುತ್ತಾರೆ. ಆದರೆ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಲ್ಲಿ ಷರತ್ತುಗಳ ಮೇಲೆ ಇನ್ಸುಲಿನ್ ಪಂಪಿನ ರೊಕ್ಕ ಮರಳಿ ಕೊಡುವ ನಿಯಮ ಇದೆ. ಅದು ತಪ್ಪಲ್ಲ, ಇರಲೇಬೇಕು. ಆದರೆ ಸರ್ಕಾರ ತನಗೇ ಗೊತ್ತಿಲ್ಲದಂತೆ ಒಂದು ಸತ್ಯ ಒಪ್ಪಿಕೊಂಡಿದೆ: ಪಂಪು ಮಲ್ಲಿಗೆ ಹೂವಲ್ಲ, ಕೆಲವರ ಮೈಗೆ ಅದು ಹಿಟ್ಟೇ. ಅಧಿಕಾರಿಯ ಮಗಳ ಮೈಯಲ್ಲಿ ಹಿಟ್ಟಾದದ್ದು ಕೂಲಿಯವನ ಮಗಳ ಮೈಯಲ್ಲಿ ಹೂವಾಗುವುದು ಹೇಗೆ? ಇಬ್ಬರ ರಕ್ತದಲ್ಲಿ ಸಕ್ಕರೆ ಬೇರೆ ಬೇರೆಯೇ? ಬ್ರಿಟನ್ನಿನಲ್ಲಿ 2008ರಿಂದಲೇ ವೈದ್ಯಕೀಯ ಅಗತ್ಯ ಕಂಡವರಿಗೆ ಸಾರ್ವಜನಿಕ ಖರ್ಚಿನಲ್ಲಿ ಪಂಪು ಕೊಡಲು ಮಾರ್ಗಸೂಚಿ ಇದೆ. ಅಲ್ಲಿ ಕೇಳುವುದು ಮೈಗೆ ಬೇಕೋ ಬೇಡವೋ ಅಂತ. ಅಮೆರಿಕದಂಥ ಸಾಹುಕಾರ ದೇಶದಲ್ಲೋ, ಇನ್ಸುಲಿನ್ನಿಗೆ ರೊಕ್ಕ ಸಾಲದೆ ಅರ್ಧರ್ಧ ಚುಚ್ಚಿಕೊಂಡು ಸತ್ತವರಿದ್ದಾರೆ. ಅಂದರೆ ಇದು ಬರೀ ದೇಶದ ಬಡತನದ ಪ್ರಶ್ನೆ ಅಲ್ಲ.

ಒಂದು ಆಕ್ಷೇಪವನ್ನು ನಾವು ಪ್ರಾಮಾಣಿಕವಾಗಿ ಎದುರಿಸಬೇಕು. ಬೊಕ್ಕಸದಲ್ಲಿ ಇರುವುದು ಇಷ್ಟೇ, ಎಲ್ಲರಿಗೂ ಎಲ್ಲವೂ ಹೇಗೆ? ಸರಿ, ಸರದಿ ಇರಲಿ. ಮೊದಲು ಯಾವ ತಾಲೂಕು ದವಾಖಾನೆಯಲ್ಲೂ ತಪ್ಪದೆ ಇನ್ಸುಲಿನ್, ಅದರ ಜೊತೆಗೆ ಸೂಜಿ, ಪಟ್ಟಿ, ತಂಪು ಪೆಟ್ಟಿಗೆ. ಆಮೇಲೆ ಯಾರ ಮೈಗೆ ಅಗತ್ಯವೋ ಅವರಿಗೆ ಪಂಪು. ಸರದಿಯನ್ನು ನಾವು ಒಪ್ಪುತ್ತೇವೆ. ಆದರೆ ಸರದಿಯನ್ನು ರೋಗ ನಿರ್ಧರಿಸಬೇಕು, ಅಪ್ಪನ ಸಂಬಳ ಅಲ್ಲ. ಸರದಿ ಅನ್ನುವುದು ನಮ್ಮ ತಲೆಯ ಮೇಲಿನ ಚಾವಣಿ ಆಗಬಾರದು. ದಿನಾ ಕೊಟ್ಟರೆ ಡಯಾಲಿಸಿಸ್ಸಿನ ಖರ್ಚು ಉಳಿಯುತ್ತದೆ ಅನ್ನುವ ವಾದವೂ ಇದೆ. ಅದು ನಿಜ. ಆದರೆ ನಾವು ಅದರ ಮೇಲೆ ನಿಲ್ಲಬಾರದು. ಅಗ್ಗ ಅಂತ ಬದುಕಿಸು ಅಂದರೆ, ನಾಳೆ ಸಾಯಿಸುವುದೇ ಅಗ್ಗ ಅಂತ ಲೆಕ್ಕ ಬಂದಾಗ ಏನು ಹೇಳುವುದು?

ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನದ ಕೆಲಸ ನಡೆದ ದಿನಗಳಲ್ಲೇ, 1948ರ ಹೊತ್ತಿಗೆ, ಕಾಲುನೋವಿನಿಂದ ನಿದ್ದೆ ಇಲ್ಲದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾ ಅವರು ಬರೆದರು. ಅದಕ್ಕೂ ಮೊದಲು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಆ ಅವಧಿಯಲ್ಲೇ, 1943ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ತಯಾರಿಸಲು ಬಿ.ಪಿ. ಅಡಾರ್ಕರರನ್ನು ನೇಮಿಸಲಾಯಿತು. 1948ರ ಇ.ಎಸ್.ಐ. ಕಾಯಿದೆಯ ಬೇರು ಅಲ್ಲಿದೆ. ಕಾರ್ಖಾನೆಯ ಗೋಡೆಯ ಒಳಗೆ ಅವತ್ತು ಹಚ್ಚಿದ ದೀಪ ಕೇರಿಗೆ, ಮಗ್ಗದ ಕುಣಿಗೆ, ಹೊಲಕ್ಕೆ ಇನ್ನೂ ಬಂದಿಲ್ಲ. ಕೆನಡಾದ ಟೊರಾಂಟೊದಲ್ಲಿ 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದನ್ನು ಕಂಡುಹಿಡಿದವರು ಮರುವರ್ಷ ತಮ್ಮ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಒಂದೊಂದು ಡಾಲರಿಗೆ ಬರೆದುಕೊಟ್ಟರು. ನಮ್ಮ ಹುನಗುಂದದ ಕೂಡಲಸಂಗಮದಲ್ಲಿ ದಾಸೋಹ ಅನ್ನುವ ಮಾತು ಎಂಟುನೂರು ವರ್ಷದಿಂದ ಇದೆ. ಉಣ್ಣಲು ಬಂದವನನ್ನು ಅಲ್ಲಿ ಯಾರೂ "ನಿನಗೆ ಹಸಿವು ಮೊದಲೇ ಇತ್ತೇ" ಎಂದು ಕೇಳುವುದಿಲ್ಲ.

ಗೆಳೆಯರೇ, ಮಾಡಬೇಕಾದದ್ದು ದೊಡ್ಡ ಮಾತಿನಿಂದ ಶುರುವಾಗುವುದಿಲ್ಲ. ಶಾಲೆಯ ಮಾಸ್ತರರು ಇಂಥ ಮಗುವಿಗೆ ತರಗತಿಯಲ್ಲೇ ಸೂಜಿ ಮಾಡಿಕೊಳ್ಳಲು, ಸಕ್ಕರೆ ಇಳಿದಾಗ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳಲು ಬಿಡಲಿ. "ಗಂಡು ಸಿಗೂದಿಲ್ಲ" ಅಂತ ಹೆಣ್ಣುಮಗಳ ಕಾಯಿಲೆ ಮುಚ್ಚಿಡುವ ಮನೆಗಳಿಗೆ ಹೋಗಿ ಮಾತಾಡಲಿ. ವಿದ್ಯಾರ್ಥಿಗಳು ತಮ್ಮ ತಾಲೂಕು ದವಾಖಾನೆಯಲ್ಲಿ ಇನ್ಸುಲಿನ್ ಎಷ್ಟು ದಿನ ಇತ್ತು, ಎಷ್ಟು ದಿನ ಇರಲಿಲ್ಲ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಲಿ. ಸಂಘಟನೆಗಳು ಮುಂದಿನ ಬೇಡಿಕೆ ಪತ್ರದಲ್ಲಿ ಹೊಲ, ನೀರು, ಹಾಸ್ಟೆಲ್ಲಿನ ಜೊತೆಗೆ ಇದನ್ನೂ ಒಂದು ಸಾಲು ಬರೆಯಲಿ: ಮನೆಯಲ್ಲಿ ಬದುಕಿರುವ ರೋಗಿಗೂ ಕಾರ್ಡು ನಡೆಯಬೇಕು. ಕಾಲು ಕಡಿದ ಮೇಲೆ ಕೊಡುವ ಊರುಗೋಲು ನಮಗೆ ಬ್ಯಾಡ. ನಡೆಯೋ ಕಾಲು ನಮಗ ಬೇಕು.