ಮೊಹರಿನ ಮೇಲೆ ಮೊಹರು

ಬೆಂಗಳೂರಿನಲ್ಲಿ ಕೊಟ್ಟ ವಿವಾಹ ನೋಂದಣಿ ಪತ್ರವೊಂದು ಹೊರದೇಶದ ಕಚೇರಿಯ ಮೇಜು ತಲುಪುವ ಹೊತ್ತಿಗೆ ಅದರ ಬೆನ್ನ ಮೇಲೆ ಎಷ್ಟು ಮೊಹರು ಬಿದ್ದಿರುತ್ತವೆ ನೋಡಿ. ನೋಂದಣಾಧಿಕಾರಿಯ ಸಹಿ ಅಸಲಿ ಎನ್ನಲು ರಾಜ್ಯ ಸರ್ಕಾರದ ಅಧಿಕಾರಿ, ಅವರ ಸಹಿ ಅಸಲಿ ಎನ್ನಲು ದೆಹಲಿಯ ವಿದೇಶಾಂಗ ಸಚಿವಾಲಯ. ಸಚಿವಾಲಯ ಅಂಟಿಸುವ ಅಪೋಸ್ಟಿಲ್ ಚೀಟಿ 1961ರ ಹೇಗ್ ಒಪ್ಪಂದದ ಕೂಸು. ಭಾರತಕ್ಕೆ ಅದು ಅನ್ವಯವಾದದ್ದು 2005ರಲ್ಲಿ. ಇಷ್ಟು ಜನರಲ್ಲಿ ಒಬ್ಬರೂ ಒಳಗೆ ಬರೆದದ್ದು ನಿಜವೆಂದು ಹೇಳುವುದಿಲ್ಲ. ಹಿಂದಿನವರ ಸಹಿಗೆ ಮುಂದಿನವರು ಸಾಕ್ಷಿ, ಅಷ್ಟೆ. ಸಾಕ್ಷಿಗೆ ಸಾಕ್ಷಿ ಕೇಳುತ್ತ ಹೋದರೆ ಎಲ್ಲಿಯೂ ನಿಲ್ಲದ ಈ ಪಾಡನ್ನು ನಮ್ಮ ತರ್ಕಶಾಸ್ತ್ರ ಅನವಸ್ಥಾ ದೋಷ ಎಂದು ಕರೆಯಿತು. ಒಪ್ಪಂದ ಬರೆದವರೂ ಇದನ್ನು ಕಂಡಿರಬೇಕು. ಅಪೋಸ್ಟಿಲ್ ಮೇಲಿನ ಸಹಿ, ಮೊಹರುಗಳಿಗೆ ಮತ್ತೆ ದೃಢೀಕರಣ ಬೇಡವೆಂದು ಐದನೆಯ ವಿಧಿಯಲ್ಲಿ ಬರೆದು ಸರಪಳಿಯನ್ನು ಅಲ್ಲಿಗೇ ಕಡಿದರು. ಪುರಾವೆ ಸಿಕ್ಕಿತೆಂದು ನಿಂತದ್ದಲ್ಲ, ಇನ್ನು ನಂಬೋಣವೆಂದು ನಿಲ್ಲಿಸಿದ್ದು.

ಜ್ಞಾನಕ್ಕೆ ಪ್ರಾಮಾಣ್ಯ ತನ್ನಿಂದಲೇ ಬರುತ್ತದೋ ಹೊರಗಿನ ಆಧಾರದಿಂದಲೋ ಎಂಬುದು ಮೀಮಾಂಸಕರ ಮತ್ತು ನೈಯಾಯಿಕರ ಹಳೆಯ ಜಗಳ. ಬಾಧಕವೊಂದು ಎದುರಾಗುವವರೆಗೆ, ಇಲ್ಲವೇ ಅರಿವು ಹುಟ್ಟಿದ ಮೂಲದಲ್ಲಿ ದೋಷ ಕಾಣುವವರೆಗೆ ಅದನ್ನು ನಂಬಬೇಕೆಂದ ಮೀಮಾಂಸಕ ಕುಮಾರಿಲ ಭಟ್ಟ. ಇಲ್ಲ, ಹೊರಗಿನಿಂದ ಪರೀಕ್ಷೆಯಾಗಬೇಕು ಎಂದಿತು ನ್ಯಾಯದರ್ಶನ. ಪತ್ರದ ಜೊತೆ ಹೋಗುವ ಅನುವಾದದ ವಿಷಯದಲ್ಲಿ ಇಂದಿನ ವಲಸೆ ಕಚೇರಿಗಳೂ ಹೀಗೆಯೇ ಎರಡು ಪಂಗಡ. ಅಮೆರಿಕದ ವಲಸೆ ಇಲಾಖೆಗೆ ಅನುವಾದಕ ‘ಇದು ಪೂರ್ಣ, ನಿಖರ, ಈ ಕೆಲಸಕ್ಕೆ ನಾನು ಸಮರ್ಥ’ ಎಂದು ಬರೆದು ಸಹಿ ಹಾಕಿದರೆ ಸಾಕು. ಜರ್ಮನಿಯ ಕಚೇರಿಗಳು ಸಾಮಾನ್ಯವಾಗಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಅನುವಾದಕರನ್ನೇ ಕೇಳುತ್ತವೆ. ಭಾರತ ಹೇಗ್ ಒಪ್ಪಂದಕ್ಕೆ ಸೇರಿದಾಗ ಆಕ್ಷೇಪ ಎತ್ತಿದ ದೇಶಗಳಲ್ಲಿ ಅದೂ ಒಂದು.

ಹಾಗಾದರೆ ಅನುವಾದಕ ಯಾವುದಕ್ಕೆ ಸಾಕ್ಷಿ? ಇನ್ನೊಬ್ಬರ ಮಾತನ್ನೇ ಪುರಾವೆಯಾಗಿ ಒಪ್ಪುವ ಶಬ್ದಪ್ರಮಾಣಕ್ಕೆ ನ್ಯಾಯ ಕೇಳುವುದು ಆಪ್ತನನ್ನು: ವಿಷಯವನ್ನು ತಾನೇ ಅರಿತವನು, ಅರಿತಂತೆಯೇ ತಿಳಿಸಬೇಕೆನ್ನುವವನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದ ನ್ಯಾಯಭಾಷ್ಯದ ವಾತ್ಸ್ಯಾಯನ. ವೀಸಾ ಕೌಂಟರುಗಳು ಈ ಮಾತನ್ನು ಇನ್ನೂ ಕೇಳಿದಂತಿಲ್ಲ. ಅನುವಾದಕ ಅರಿತದ್ದು ಕಾಗದವನ್ನು, ಲೋಕವನ್ನಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಯ ಜನ್ಮದಿನ ಜೂನ್ 1. ಶಾಲೆ ಶುರುವಾಗುವ ಹೊತ್ತಿಗೆ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಅದು ಸುಳ್ಳೆಂದು ಅನುಮಾನವಿದ್ದರೂ ಅನುವಾದಕ ಜೂನ್ 1 ಎಂದೇ ಬರೆಯಬೇಕು. ತಿದ್ದಿದರೆ ಅವನು ಆಪ್ತನಲ್ಲ. ಅತ್ತ ಪಹಣಿಯಲ್ಲಿ ‘ಕೆಂಚಪ್ಪ ಬಿನ್ ಮಾದಪ್ಪ’, ‘ಲಕ್ಷ್ಮಮ್ಮ ಕೋಂ ಕೆಂಚಪ್ಪ’ ಎಂದಿದ್ದರೆ, ಬಿನ್ ಎಂದರೆ ಮಗ, ಕೋಂ ಎಂದರೆ ಹೆಂಡತಿ ಎಂದು ಬಿಡಿಸದೆ ಅಕ್ಷರವನ್ನಷ್ಟೇ ದಾಟಿಸಿದವನೂ ಆಪ್ತನಲ್ಲ. ಅವನ ಕೈಯಲ್ಲಿ ‘ಬಿನ್’ ಎಂಬುದು ಕೆಂಚಪ್ಪನ ನಡುಹೆಸರಾಗಿ ಕೂರುತ್ತದೆ. ತಪ್ಪನ್ನು ತಪ್ಪಾಗಿಯೇ ಉಳಿಸಬೇಕು, ಅರ್ಥವನ್ನು ಮಾತ್ರ ಬಿಡಬಾರದು. ಎಲ್ಲಿ ಯಾವುದು ಬೇಕೆಂದು ಯಾವ ಮೊಹರೂ ಹೇಳಿಕೊಡುವುದಿಲ್ಲ.

ಖೋಟಾ ಪತ್ರಗಳ ಕಾಲದಲ್ಲಿ ಇಷ್ಟು ನಂಬಿಕೆ ಹುಂಬತನವಲ್ಲವೇ ಎನ್ನಬಹುದು. ಸಂಶಯವೇ ಬೇಡವೆಂದು ಮೀಮಾಂಸಕರು ಹೇಳಲಿಲ್ಲ, ಸಂಶಯಕ್ಕೂ ಕಾರಣ ಬೇಕೆಂದರು. ತಿದ್ದಿದ ಅಂಕಿ, ಹೊಂದದ ದಿನಾಂಕ ಕಾರಣಗಳೇ. ಅರ್ಜಿದಾರ ಹುಟ್ಟಿದ ದೇಶ ಕಾರಣವಲ್ಲ. ಇಡೀ ನೋಂದಣಿ ವ್ಯವಸ್ಥೆಯೇ ಸಡಿಲವಾಗಿದ್ದರೆ ಎಂಬ ಪ್ರಶ್ನೆ ಗಟ್ಟಿಯಾದದ್ದು, ಜೂನ್ 1ರ ಕಥೆ ಅದಕ್ಕೆ ಬಲವನ್ನೂ ಕೊಡುತ್ತದೆ. ಆದರೆ ಅದಕ್ಕೆ ಮದ್ದು ಊರಿಗೆ ಹೋಗಿ ಮೂಲ ದಾಖಲೆ ನೋಡುವುದು, ಇನ್ನೊಂದು ಮೊಹರಲ್ಲ. ಯಂತ್ರವೇ ಅನುವಾದಿಸುವಾಗ ಮನುಷ್ಯನೇಕೆ ಎನ್ನುವವರಿಗೆ ಉತ್ತರ ಚಿಕ್ಕದು: ಯಂತ್ರ ‘ಬಿನ್’ ಪದವನ್ನು ಸರಿಯಾಗಿಯೇ ಬಿಡಿಸಬಹುದು, ತಪ್ಪಿದರೆ ಹೊಣೆ ಹೊರಲು ಅಲ್ಲಿ ಯಾರೂ ಇಲ್ಲ.

ಪತ್ರ ಕಳಿಸುವವರು ಮೊಹರುಗಳನ್ನು ಒಂದೊಂದಾಗಿ ಎಣಿಸುತ್ತಾರೆ, ಅನುವಾದವನ್ನು ಓದದೆ ಲಕೋಟೆಗೆ ಹಾಕುತ್ತಾರೆ. ಅಂಟಿಸುವ ಮೊದಲು ಒಮ್ಮೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಆ ಕಡತದಲ್ಲಿ ಪತ್ರದ ಅರ್ಥಕ್ಕೆ ಹೊಣೆ ಹೊತ್ತ ಸಹಿ ಅನುವಾದಕನದೊಂದೇ.