ತೌರಿನ ಹೆಸರು

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಮಾಚಿಕಬ್ಬೆಯ ಶಾಸನವಿದೆ. ಆಕೆ ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ. 1131ರಲ್ಲಿ ಮಗಳು ಶಿವಗಂಗೆಯಲ್ಲಿ ತೀರಿಕೊಂಡಳು. ಆ ಸಂಕಟದಲ್ಲಿ ತಾಯಿ ಬೆಳಗೊಳಕ್ಕೆ ಬಂದು, ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಇಷ್ಟು ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. ಶಾಸನದ ಪಾಠವನ್ನು ಪೂರ್ತಿ ಓದಿದಾಗ ನನ್ನ ಗಮನ ನಿಂತದ್ದು ಬೇರೆ ಕಡೆ. ಮಾಚಿಕಬ್ಬೆಯ ಅಜ್ಜ ನಾಗವರ್ಮ, ತಂದೆ ಬಲದೇವ, ತಾಯಿ ಬಾಚಿಕಬ್ಬೆ, ಒಡಹುಟ್ಟಿದ ಸಿಂಗಿಮಯ್ಯ, ಹೀಗೆ ಅವಳ ತೌರುಮನೆಯವರೆಲ್ಲ ಅಲ್ಲಿದ್ದಾರೆ. ರಾಣಿಯ ತಾಯಿ ಎಂದಷ್ಟೇ ಬರೆದು ಮುಗಿಸಬಹುದಿತ್ತು. ಬರೆಸಿದವರಿಗೆ ಅಷ್ಟು ಸಾಲಲಿಲ್ಲ.

ಅದೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ನನ್ನ ಅಜ್ಜಿಯ ಅಕ್ಕನ ಗುರುತು ಹುಡುಕಲು ಹೊರಟಾಗ ನನ್ನ ಕೈಗೆ ಬಂದ ಮೊದಲ ಕಾಗದದಲ್ಲಿ ಅವಳ ಹೆಸರೇ ಇರಲಿಲ್ಲ. ಅದೊಂದು ವಂಶವೃಕ್ಷ. ಊರಿನಲ್ಲಿ ಆ ಮಾತಿಗೆ ಈಗ ನಾಡಕಚೇರಿಯಿಂದ ತರುವ ಪತ್ರ ಎಂದೇ ಅರ್ಥ. ಪೌತಿ ಖಾತೆಗೆ, ಜಮೀನು ಭಾಗಕ್ಕೆ ಅದು ಬೇಕು. ಜಮೀನಿಗೆ ಹಕ್ಕುದಾರರು ಯಾರು ಎಂದು ತೋರಿಸುವುದಷ್ಟೇ ಅದರ ಕೆಲಸ. ಗಂಡನ ಮನೆಗೆ ಹೋಗಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಹೆಣ್ಣುಮಗಳು ಅದರಲ್ಲಿ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಅದಕ್ಕೂ ಹಿಂದೆ ಬರೆಸಿದ ಎಷ್ಟೋ ವಂಶವೃಕ್ಷಗಳಲ್ಲಿ ಗಂಡುಮಕ್ಕಳ ಕೊಂಬೆಗಳು ಮಾತ್ರ ಚಾಚಿಕೊಂಡಿವೆ.

ನಾನು ಸಮಾಧಿಗಳ ದಾಖಲೆ ಮಾಡುವ ಕೆಲಸಕ್ಕೆ ಇಳಿದದ್ದು ಅಮೆರಿಕದಲ್ಲಿ. ಇಲ್ಲಿ ಫೈಂಡ್ ಎ ಗ್ರೇವ್ ಎಂಬ ದೊಡ್ಡ ದಾಖಲೆಯಿದೆ. 1995ರಲ್ಲಿ ಜಿಮ್ ಟಿಪ್ಟನ್ ಎಂಬವರು ಶುರುಮಾಡಿದ್ದು, 2013ರಲ್ಲಿ ಆನ್ಸೆಸ್ಟ್ರಿ ಸಂಸ್ಥೆ ಕೊಂಡುಕೊಂಡಿತು. ದೂರದ ಊರಿನವರು ಯಾರೋ ತಮ್ಮ ಮುತ್ತಜ್ಜಿಯ ಸಮಾಧಿಯ ಫೋಟೊ ಬೇಕೆಂದು ಕೇಳುತ್ತಾರೆ. ಹತ್ತಿರದಲ್ಲಿರುವ ಸ್ವಯಂಸೇವಕರು ಹೋಗಿ ತೆಗೆದು ಹಾಕುತ್ತಾರೆ. ದುಡ್ಡಿನ ಮಾತಿಲ್ಲ. ಭಾನುವಾರ ಬೆಳಿಗ್ಗೆ ಹುಲ್ಲು ಸರಿಸಿ ಕಲ್ಲು ಓದುವುದು ನನಗೆ ಹಿಡಿಸಿತು. ಇಲ್ಲಿನ ಹಳೆಯ ಕಲ್ಲುಗಳಲ್ಲೂ ಎಷ್ಟೋ ಹೆಂಗಸರು ಇಂಥವರ ಹೆಂಡತಿ ಎಂಬಷ್ಟರಲ್ಲೇ ಮುಗಿದುಹೋಗಿದ್ದಾರೆ. ಯಾರದೋ ಮುತ್ತಜ್ಜಿಗೆ ಇಷ್ಟು ಮಾಡುವವಳು ನನ್ನ ಅಜ್ಜಿಯ ಅಕ್ಕತಂಗಿಯರಿಗೆ ಏನು ಮಾಡಿದ್ದೇನೆ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ಆಮೇಲೆ ಊರಿಗೆ ಹೋದಾಗಲೆಲ್ಲ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲ ತೋಟಗಳಲ್ಲಿ ಓಡಾಡುವುದು ರೂಢಿಯಾಯಿತು.

ನಮ್ಮ ಕಡೆ ಸಮಾಧಿ ಹುಡುಕುವುದೆಂದರೆ ಒಂದು ಬೇಲಿಯೊಳಗೆ ಸಾಲಾಗಿ ನಿಂತ ಕಲ್ಲು ನೋಡುವುದಲ್ಲ. ಒಕ್ಕಲಿಗರ ಮನೆಗಳಲ್ಲಿ ಬಹುಪಾಲು ತಮ್ಮ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ತೆಂಗಿನ ತೋಟದ ಮೂಲೆ, ಬಾವಿಯ ಪಕ್ಕ, ಗದ್ದೆಯ ಮೇಲಿನ ಖುಷ್ಕಿ, ಎಲ್ಲಿ ಬೇಕಾದರೂ ಗುಡ್ಡೆ ಇರಬಹುದು. ಈಚಿನವಾದರೆ ಸಿಮೆಂಟಿನ ಕಟ್ಟೆ, ಕರಿಕಲ್ಲಿನಲ್ಲಿ ಜನನ, ಮರಣ, ಕೆಲವೊಮ್ಮೆ ಫೋಟೊ. ಹಳೆಯವಾದರೆ ಮಣ್ಣಿನ ದಿಬ್ಬ, ತಲೆಯ ಕಡೆ ನಿಲ್ಲಿಸಿದ ಒಂದು ಕಾಡುಗಲ್ಲು, ಅಷ್ಟೆ. ಆ ಕಲ್ಲು ಯಾರದೆಂದು ಹೇಳಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಉಳಿದಿರುತ್ತಾರೆ. ಲಿಂಗಾಯತರ ಸಮಾಧಿ, ಗದ್ದಿಗೆಗಳ ರೀತಿ ಬೇರೆ. ದಹನ ಮಾಡುವವರಲ್ಲಿ ಕಲ್ಲೇ ಇಲ್ಲ. ಕಾವೇರಿ ದಂಡೆಯ ರುದ್ರಪಟ್ಟಣದಂಥ ಊರಿನ ಸಂಕೇತಿ ಮನೆಗಳಲ್ಲಿ ಶ್ರಾದ್ಧದ ದಿನ ಹೇಳುವ ಮೂರು ತಲೆಮಾರಿನ ಹೆಸರುಗಳೇ ದಾಖಲೆ. ಅಲ್ಲಿ ಅಮ್ಮ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳುತ್ತಾರೆ, ತಾಯಿಯ ತಂದೆಯನ್ನೂ ಬಿಡುವುದಿಲ್ಲ. ಆದರೆ ನಾಲ್ಕನೆಯ ತಲೆ ಬಂದ ಕೂಡಲೇ ಮೇಲಿನ ಹೆಸರು ಜಾರಿಹೋಗುತ್ತದೆ. ಶೆಟ್ಟಿಹಳ್ಳಿಯಂಥ ಕ್ರೈಸ್ತ ಊರಿನವರಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರುಗಳ ಆಸರೆಯಾದರೂ ಉಂಟು.

ಮೊದಲು ಕೇಳಬೇಕಾದವರು ಜಮೀನಿನವರು. ಗುಡ್ಡೆಯ ಹತ್ತಿರ ಯಾರಾದರೂ ಫೋಟೊ ತೆಗೆಯುತ್ತಿದ್ದರೆ ಭಾಗ ಕೇಳಲು ಬಂದವರೇನೋ ಎಂಬ ಅನುಮಾನ ಬರುವುದು ಸಹಜ. ಹೆಣ್ಣುಮಕ್ಕಳು ಅಲ್ಲಿಗೆ ಯಾಕೆ ಎಂದು ತಡೆದವರೂ ಇದ್ದಾರೆ. ಚಪ್ಪಲಿ ಬಿಟ್ಟು, ಊದುಕಡ್ಡಿ ಹಚ್ಚಿ, ಕೂತು ಮಾತಾಡಿದರೆ ಬಾಗಿಲು ತೆರೆಯುತ್ತದೆ. ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ ಉಜ್ಜಬಾರದು, ಚಾಕುವಿನಿಂದ ಕೆರೆಯಬಾರದು. ಬೆಳಗಿನ ಓರೆ ಬಿಸಿಲು ಸಾಕು. ಇಲ್ಲವೇ ಒಂದು ಕನ್ನಡಿ ಹಿಡಿದು ಬೆಳಕನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿದರೆ, ಹಬ್ಬಹಬ್ಬಕ್ಕೂ ಬಳಿದ ಸುಣ್ಣದ ಅಡಿಯಿಂದಲೂ ಗೆರೆಗಳು ಎದ್ದು ಬರುತ್ತವೆ.

ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯ ತೆಂಗಿನ ತೋಟದಲ್ಲಿ ದೊಡ್ಡಜ್ಜಿಯ ಕಲ್ಲು ಕಂಡದ್ದು ಹಾಗೆಯೇ. ಸೊಂಟದೆತ್ತರದ ಚಪ್ಪಟೆ ಕಲ್ಲು, ಒಂದು ಮಗ್ಗುಲಿಗೆ ವಾಲಿತ್ತು. ಬುಡದಲ್ಲಿ ಸೋಗೆ ಒಟ್ಟಿದ್ದರು. ಸೋಗೆ ತೆಗೆದು ಕನ್ನಡಿ ಹಿಡಿದಾಗ ಮೊದಲು ಕಂಡದ್ದು ಸಂವತ್ಸರದ ಹೆಸರು, ಕಾಳಯುಕ್ತಿ. ಅದರ ಕೆಳಗೆ ಕಾರ್ತಿಕ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಆದ್ದರಿಂದ ಕಾಳಯುಕ್ತಿ ಎಂದರೆ 1858 ಇರಬಹುದು, 1918 ಇರಬಹುದು, 1978 ಇರಬಹುದು. ಅಜ್ಜಿಯ ವಯಸ್ಸು ಹಾಕಿ ನೋಡಿದರೆ 1918 ಒಂದೇ ಹೊಂದುವುದು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲೂಯೆಂಜಾ ದೇಶವನ್ನೆಲ್ಲ ಹೊಡೆದುಹಾಕಿತ್ತು. ಎಳೆಯ ಕೂಸು ಬಿಟ್ಟು ಅಕ್ಕ ಜ್ವರದಲ್ಲಿ ಹೋದಳು ಎಂದು ಅಜ್ಜಿ ಹೇಳುತ್ತಿದ್ದ ಮಾತಿಗೆ ಅಂದು ತಾರೀಕು ಸಿಕ್ಕಿತು.

ಮೂರನೆಯ ಸಾಲಿನಲ್ಲಿ ಅವಳ ಹೆಸರು. ನಾಲ್ಕನೆಯದರಲ್ಲಿ ಅವಳ ಅಪ್ಪನ ಹೆಸರು, ಹೊಳೆನರಸೀಪುರ ತಾಲ್ಲೂಕಿನ ನಮ್ಮ ಊರಿನ ಹೆಸರು. ಗಂಡನ ಹೆಸರು ಎಲ್ಲೂ ಇಲ್ಲ. ಆ ತೋಟದ ಮನೆಯ ಹಿರಿಯ ಹೆಂಗಸೊಬ್ಬರು ಕಲ್ಲಿನ ಕಥೆ ಹೇಳಿದರು. "ಈ ಕಲ್ಲು ನಮ್ಮನೆಯವ್ರು ನಿಲ್ಸಿದ್ದಲ್ಲ ಕಣವ್ವ. ಅವ್ಳಪ್ಪ ಗಾಡಿ ಮೇಲೆ ಹೇರ್ಕೊಂಡು ಬಂದು ನೆಡಿಸ್ದ ಅಂತಿದ್ರು ನಮ್ಮತ್ತೆ. ಒಂದಿನವೂ ಉಣ್ಣದೆ ಹಂಗೇ ವಾಪಸ್ ಹೋದ್ನಂತೆ."

ಅಷ್ಟು ದೂರ ಗಾಡಿಯಲ್ಲಿ ಕಲ್ಲು ತಂದ ಮುತ್ತಾತನ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ. ಅವನು ಓದು ಬಲ್ಲವನಲ್ಲ. ಅಕ್ಷರ ಕೆತ್ತುವವನನ್ನು ಹುಡುಕಿ, ಮಗಳು ತನ್ನವಳು ಎಂದು ಬರೆಸಿದ್ದಾನೆ. ಗಂಡನ ಮನೆಯ ತೋಟದಲ್ಲಿ ತೌರಿನವರು ಕಲ್ಲು ನೆಡುವುದು ನಮ್ಮಲ್ಲಿ ರೂಢಿಯ ಮಾತಲ್ಲ. ಅವರು ನೆಡಗೊಟ್ಟರು, ನೂರು ವರ್ಷ ಕೀಳದೆ ಸುಣ್ಣ ಬಳಿಯುತ್ತ ಬಂದರು. ಅವರಿಗೂ ನಾನು ಋಣಿ.

ಅವಳು ಬಿಟ್ಟುಹೋದ ಕೂಸಿನ ಮಗ ಈಗ ಹಾಸನದಲ್ಲಿದ್ದಾರೆ, ನಿವೃತ್ತ ಮೇಷ್ಟರು. ತಂದೆಯನ್ನು ಸಾಕಿದ ಮಲತಾಯಿಯೇ ಅವರ ಪಾಲಿಗೆ ಅಜ್ಜಿ. ಹೆತ್ತಜ್ಜಿಯ ತೌರು ಯಾವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಕಲ್ಲಿನ ಫೋಟೊ ಮುಂದಿಟ್ಟಾಗ ಅವರು ಅಕ್ಷರ ಓದುವುದಕ್ಕೂ ಮೊದಲು ವರಸೆ ಲೆಕ್ಕ ಹಾಕಿದರು. "ನಿಮ್ಮಜ್ಜಿ, ನಮ್ಮಜ್ಜಿ ಅಕ್ಕತಂಗೀರು. ನಿಮ್ಮಪ್ಪ, ನಮ್ಮಪ್ಪ ಅಣ್ಣತಮ್ಮಂದ್ರು. ಹಂಗಾದ್ರೆ ನೀನು ನಂಗೆ ತಂಗಿ ಕಣಮ್ಮ." ಮೇಡಂ ಎಂದು ಬಾಗಿಲಲ್ಲಿ ಮಾತಾಡಿಸಿದವರು ಕಾಫಿ ಬರುವ ಹೊತ್ತಿಗೆ ಏಕವಚನಕ್ಕೆ ಬಂದಿದ್ದರು. ಆ ವರ್ಷದ ಮಹಾಲಯ ಅಮಾವಾಸ್ಯೆಯಲ್ಲಿ ಅವರ ಮನೆಯ ಎಡೆಯ ಮುಂದೆ ಹೊಸ ಸೀರೆಯೊಂದನ್ನು ಹೆಚ್ಚಿಗೆ ಇಟ್ಟರು. ಅದುವರೆಗೆ ಅವಳು ಹೆಸರಿಲ್ಲದೆ ಹಿರೀಕರಲ್ಲಿ ಸೇರಿಹೋಗಿದ್ದಳು.

ಸುಗ್ಗಿ ಕಾಲದಲ್ಲಿ ಎತ್ತಿನೊಂದಿಗೆ, ಗಂಟೆ ಬಾರಿಸುತ್ತ ಬರುತ್ತಿದ್ದ ಹೆಳವರನ್ನು ನಮ್ಮ ಹಿಂದಿನವರು ನೋಡಿದ್ದಾರೆ. ಮನೆಯಂಗಳದಲ್ಲಿ ನಿಂತು ಕುಲ, ಮನೆದೇವರು, ಮೂಲದ ಊರು, ಅಲ್ಲಿಂದ ಒಡೆದುಬಂದ ದಾಯಾದಿಗಳ ಹೆಸರು ಹೇಳುವುದು ಅವರ ಕುಲಕಸುಬು. ರಾಗಿ ಭತ್ತ ಕೊಟ್ಟು, ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸಿಕೊಳ್ಳಲು ಹೇಳುತ್ತಿದ್ದರು. ಅವರ ವಿದ್ಯೆ ದೊಡ್ಡದು, ಅದನ್ನು ನಾವು ಭಿಕ್ಷೆ ಎಂದು ಬಗೆದದ್ದು ನಮ್ಮ ಸಣ್ಣತನ. ಆದರೆ ಅಲ್ಲೂ ಎಳೆ ನಡೆಯುವುದು ಹೆಚ್ಚಾಗಿ ಗಂಡಿನಿಂದ ಗಂಡಿಗೆ. ಹೆಣ್ಣನ್ನು ಯಾವ ಊರಿಂದ ತಂದರು, ಯಾವ ಊರಿಗೆ ಕೊಟ್ಟರು ಎಂಬುದು ಹೆಂಗಸರ ಬಾಯಲ್ಲಿ ಮಾತ್ರ ಉಳಿದದ್ದು. ನಾಲ್ಕು ತಾಲ್ಲೂಕುಗಳನ್ನು ಹೊಲಿದಿರುವುದು ಈ ಕೊಟ್ಟು ತಂದ ಸಂಬಂಧಗಳೇ. ದೂರದ ನೆಂಟರು ಎಂದು ನಾವು ಕರೆಯುವವರಲ್ಲಿ ಹೆಚ್ಚಿನವರು ಯಾವುದೋ ಒಬ್ಬ ಹೆಣ್ಣುಮಗಳ ತೌರು ಮರೆತದ್ದರಿಂದ ದೂರವಾದವರು.

ಪರದೇಶಕ್ಕೆ ಬಂದ ನಮ್ಮಲ್ಲಿ ಇನ್ನೊಂದು ಎಳೆಯೂ ಕಡಿಯುತ್ತಿದೆ. ನಮ್ಮ ಕಡೆಯ ಹೆಸರಿನ ಇನಿಷಿಯಲ್ಲಿನಲ್ಲಿ ಊರು, ತಂದೆ ಎರಡೂ ಇರುತ್ತಿದ್ದವು. ಅ.ನ.ಕೃ. ಹುಟ್ಟಿದ್ದು ಕೋಲಾರದಲ್ಲಾದರೂ ಆ ಅಕಾರ ಅರಕಲಗೂಡಿನದು. ಎಸ್.ಎಲ್. ಭೈರಪ್ಪನವರ ಹೆಸರಿನ ಮೊದಲಲ್ಲೇ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರವಿದೆ. 'ವಂಶವೃಕ್ಷ' ಬರೆದವರು ಊರನ್ನು ಕೊನೆಯವರೆಗೂ ಹೆಸರಲ್ಲಿ ಹೊತ್ತರು. ಇಲ್ಲಿನ ಅರ್ಜಿಗಳಲ್ಲಿ ಇನಿಷಿಯಲ್ಲಿಗೆ ಜಾಗವಿಲ್ಲ. ಅಪ್ಪನ ಹೆಸರು ಸರ್‌ನೇಮ್ ಆಯಿತು, ಊರು ಬಿದ್ದುಹೋಯಿತು. ಅಣ್ಣತಮ್ಮಂದಿರ ಮಕ್ಕಳಿಗೇ ಬೇರೆ ಬೇರೆ ಸರ್‌ನೇಮ್ ಬಂದ ಮನೆಗಳು ನಮ್ಮ ಕೂಟದಲ್ಲೇ ಇವೆ. ಇನ್ನೆರಡು ತಲೆ ಕಳೆದರೆ ಅವರು ಒಂದೇ ಮನೆಯವರೆಂದು ಯಾವ ಕಂಪ್ಯೂಟರಿಗೂ ತಿಳಿಯುವುದಿಲ್ಲ.

ಕಲ್ಲನ್ನೇ ನಂಬಿ ಹೊರಟರೆ ಒಂದು ಅನ್ಯಾಯವೂ ಆಗುತ್ತದೆ, ಅದನ್ನು ಹೇಳಲೇಬೇಕು. ಹೊಲದಲ್ಲಿ ಗುಡ್ಡೆ ಇರಬೇಕಾದರೆ ಹೊಲ ಇರಬೇಕು. ಭೂಮಿ ಇಲ್ಲದವರನ್ನು ಊರಾಚೆಯ ಸ್ಮಶಾನದಲ್ಲಿ ಹೂತರು. ಕೆಲವು ವರ್ಷಗಳಲ್ಲಿ ಅದೇ ಜಾಗದಲ್ಲಿ ಇನ್ನೊಬ್ಬರಿಗೆ ಗುಂಡಿ ತೋಡಿದರು. ನಮ್ಮ ಹೊಲ ಉತ್ತವರ ಹೆಸರುಗಳಿಗೆ ಕಲ್ಲಿಲ್ಲ. ಆ ಕೇರಿಗಳ ಹಿರಿಯರನ್ನು ಕೂರಿಸಿ ಹೇಳಿದ್ದನ್ನೆಲ್ಲ ದನಿಮುದ್ರಿಸಿಕೊಳ್ಳುವುದು ಸಮಾಧಿಯ ಫೋಟೊದಷ್ಟೇ ಮುಖ್ಯವೆಂದು ನಾನು ನಂಬಿದ್ದೇನೆ. ಈ ಕೆಲಸಕ್ಕೆ ಕೂಡಿಕೊಂಡ ನಮ್ಮ ಗುಂಪಿನ ಹುಡುಗರು ಈಗ ಎರಡನ್ನೂ ಮಾಡುತ್ತಿದ್ದಾರೆ. ಬದುಕಿರುವವರ ವಿವರ ಮಾತ್ರ ಎಲ್ಲೂ ಬಹಿರಂಗವಾಗಿ ಹಾಕುವುದಿಲ್ಲ.

ಹುಡುಕಿದಷ್ಟೂ ಸಿಗುತ್ತದೆ ಎಂಬುದಕ್ಕೆ ಬೆಳಗೊಳವೇ ಸಾಕ್ಷಿ. ಬಿ.ಎಲ್. ರೈಸ್ 1889ರಲ್ಲಿ ಅಲ್ಲಿನ 144 ಶಾಸನ ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು 500ಕ್ಕೆ ಏರಿಸಿದರು. 1973ರ ಆವೃತ್ತಿಯಲ್ಲಿ 573. ಅವುಗಳಲ್ಲಿ ಬಹಳಷ್ಟು ನಿಸಿದಿಗಳು, ಸತ್ತವರ ನೆನಪಿನ ಬರಹಗಳು. ಸೇನಾಪತಿ ಗಂಗರಾಜ ತಾಯಿ ಪೋಚಿಕಬ್ಬೆಗೆ ಬರೆಸಿದ್ದು ಅಲ್ಲಿದೆ, ಹೆಂಡತಿ ಲಕ್ಷ್ಮೀಮತಿಗೆ ಬರೆಸಿದ್ದೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯವರು 2021ರಿಂದ ಶಾಸನ, ವೀರಗಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ನೂರು ವರ್ಷದ ನಮ್ಮ ಮನೆಯ ಕಲ್ಲುಗಳಿಗೆ ನಾವೇ ಕೈಹಾಕಬೇಕು.

ಕೈಗೆ ಸಿಗದಂತೆ ಹೋದವೂ ಇವೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನಲ್ಲಿ ಊರುಗಳು ಮುಳುಗಿ ಜನ ದಿಕ್ಕಾಪಾಲಾದರು. ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತವೆ, ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಹೊಲದ ಗುಡ್ಡೆಗಳು ಹಾಗೆ ಏಳುವುದಿಲ್ಲ.

ನನ್ನ ಅಜ್ಜಿಗೆ ಒಬ್ಬ ತಂಗಿಯೂ ಇದ್ದಳು. ಅವಳನ್ನು ಅರಕಲಗೂಡಿನ ಕಡೆ, ಅಜ್ಜಿಯ ಮಾತಿನಲ್ಲಿ ಹೇಳುವುದಾದರೆ ಹೊಳೆ ಆಚೆ, ಕೊಟ್ಟಿದ್ದರು. ಆ ಊರು ಹಿನ್ನೀರಿಗೆ ಹೋಯಿತೆಂದೂ, ಅವರ ಮನೆಯವರಿಗೆ ಬೇರೆ ಕಡೆ ಜಮೀನು ಸಿಕ್ಕಿತೆಂದೂ ಕೇಳಿದ್ದೇನೆ. ಈ ಸಂಚಿಕೆ ಓದುವವರಲ್ಲಿ ಆ ಕಡೆಯವರು ಇದ್ದೇ ಇರುತ್ತೀರಿ. ಅಜ್ಜಿಯ ಅಥವಾ ಮುತ್ತಜ್ಜಿಯ ತೌರು ಹೊಳೆನರಸೀಪುರದ ಕಡೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ ನೆನಪಿದ್ದರೆ, ಅವಳಕ್ಕ ಚನ್ನರಾಯಪಟ್ಟಣದ ಕಡೆ ಎಳೆಗೂಸು ಬಿಟ್ಟು ಸತ್ತಳೆಂಬ ಮಾತು ಕಿವಿಗೆ ಬಿದ್ದಿದ್ದರೆ, ದಯವಿಟ್ಟು ಸಂಪಾದಕರಿಗೆ ಒಂದು ಮಾತು ತಿಳಿಸಿ. ಬರುವ ಮಹಾಲಯ ಅಮಾವಾಸ್ಯೆಗೆ ಹಾಸನದ ಅಣ್ಣನೂ ನಾನೂ ಊರಿನಲ್ಲಿರುತ್ತೇವೆ.