ನಿಕ್ಷೇಪದ ಹೊಣೆ

ಐದು ಸಮಿತಿಗಳ ಪೈಕಿ ಈರ್ಯಾಸಮಿತಿಯ ವಿಷಯವನ್ನು ನಾವು ಪ್ರವಚನಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವ ದೃಶ್ಯ ವಿಹಾರದ ಕಾಲದಲ್ಲಿ ಎಲ್ಲ ಶ್ರಾವಕರ ಕಣ್ಣಿಗೂ ಬೀಳುತ್ತದೆ. ನಾಲ್ಕನೆಯದಾದ ಆದಾನನಿಕ್ಷೇಪಣ ಸಮಿತಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಕಮಂಡಲುವನ್ನೋ ಶಾಸ್ತ್ರವನ್ನೋ ಎತ್ತಿಕೊಳ್ಳುವಾಗಲೂ ಕೆಳಗಿಡುವಾಗಲೂ ಸ್ಥಳವನ್ನು ನೋಡಿ, ಪಿಂಛಿಯಿಂದ ಮೃದುವಾಗಿ ಪರಿಮಾರ್ಜನೆ ಮಾಡಿ, ಆಮೇಲೆ ಇಡಬೇಕು ಎಂಬುದೇ ಅದರ ಸಾರ. ನಡೆಯುವವನು ತಾನು ತುಳಿಯುವ ನೆಲದ ಬಳಿ ತಾನೇ ಇರುತ್ತಾನೆ. ಇಡುವವನಾದರೋ ಇಟ್ಟು ಹೊರಟುಹೋಗುತ್ತಾನೆ. ವಸ್ತು ಮಾತ್ರ ಅಲ್ಲಿ ಉಳಿಯುತ್ತದೆ. ಈ ವ್ಯತ್ಯಾಸವನ್ನು ನಮ್ಮ ಕಾಲದ ಒಂದು ಚಿಕ್ಕ ವಿಷಯಕ್ಕೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಣಕಯಂತ್ರದಲ್ಲಿ ಜಾಲತಾಣಗಳನ್ನು ಓದಲು ಬಳಸುವ ತಂತ್ರಾಂಶಗಳಲ್ಲಿ ಚಿತ್ರಗಳನ್ನು ತೋರಿಸದೆ ಅಕ್ಷರಗಳನ್ನಷ್ಟೇ ತೋರಿಸುವ ಒಂದು ವರ್ಗವಿದೆ. ಅವುಗಳಲ್ಲಿ ಹಿರಿದಾದ ‘ಲಿಂಕ್ಸ್’ 1992ರಲ್ಲಿ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು, ಇಂದಿಗೂ ಬಳಕೆಯಲ್ಲಿದೆ. ತೀಕ್ಷ್ಣ ದೃಷ್ಟಿಗೆ ಹೆಸರಾದ ಕಾಡುಬೆಕ್ಕಿನ ಹೆಸರನ್ನು ಹೊತ್ತ ಈ ಬ್ರೌಸರನ್ನು ದೃಷ್ಟಿಹೀನರು ಬಹುಕಾಲದಿಂದ ಆಶ್ರಯಿಸಿರುವುದು ಒಂದು ಸ್ವಾರಸ್ಯ. ಅಕ್ಷರಮಾತ್ರವಾದ ಪುಟವನ್ನು ಧ್ವನಿಯಾಗಿಯೋ ಬ್ರೈಲ್ ಚುಕ್ಕೆಗಳಾಗಿಯೋ ಮಾರ್ಪಡಿಸುವುದು ಸುಲಭ. ಮಂದಗತಿಯ ಸಂಪರ್ಕ ಉಳ್ಳವರಿಗೂ, ಹಳೆಯ ಯಂತ್ರ ಉಳ್ಳವರಿಗೂ, ದೂರದ ಯಂತ್ರಗಳನ್ನು ನಿರ್ವಹಿಸುವವರಿಗೂ ಅದು ಉಪಯುಕ್ತ.

ಇಂಥ ಬ್ರೌಸರಿನಲ್ಲಿಯೂ ಅಲಂಕಾರ ಪೂರ್ಣವಾಗಿ ಇಲ್ಲವೆಂದಲ್ಲ. ಶೀರ್ಷಿಕೆ ಯಾವ ಬಣ್ಣದಲ್ಲಿರಬೇಕು, ಒತ್ತು ಕೊಟ್ಟ ಪದ ಹೇಗೆ ಕಾಣಬೇಕು, ಬೇರೆ ಪುಟಕ್ಕೆ ಒಯ್ಯುವ ಕೊಂಡಿಯನ್ನು ಹೇಗೆ ಗುರುತಿಸಬೇಕು, ಇವನ್ನೆಲ್ಲ ಒಂದು ಶೈಲಿಕಡತದಲ್ಲಿ ಸಾಲುಸಾಲಾಗಿ ಬರೆದಿಡಲಾಗುತ್ತದೆ. ಓದುಗನು ಏನನ್ನೂ ಹೇಳದಿದ್ದಾಗ ತಾನಾಗಿ ಜಾರಿಗೆ ಬರುವ ಈ ಏರ್ಪಾಡಿಗೆ ‘ಡೀಫಾಲ್ಟ್’ ಎನ್ನುತ್ತಾರೆ. ಅಂದರೆ ಕೇಳದವರಿಗೆ ಮೊದಲೇ ಇಟ್ಟುಬಿಟ್ಟದ್ದು. ಆ ಕಡತವನ್ನು ಬರೆದವನು, ಅದನ್ನು ತಂತ್ರಾಂಶದ ಜೊತೆಗೆ ಹಂಚಿದವನು, ಕಚೇರಿಯ ಹತ್ತು ಯಂತ್ರಗಳಿಗೆ ನಕಲು ಮಾಡಿದವನು, ಇವರಾರೂ ಓದುವವನ ಬಳಿ ಇರುವುದಿಲ್ಲ.

ಇಲ್ಲಿ ಒಂದು ಬಣ್ಣದ ಉದಾಹರಣೆಯನ್ನು ತುಸು ವಿವರವಾಗಿ ನೋಡಬೇಕು. ಜಾಲಪುಟದ ಕೊಂಡಿಗಳನ್ನು ನೀಲಿಯಲ್ಲಿ ತೋರಿಸುವುದು ಹಳೆಯ ರೂಢಿ. ಬಿಳಿಯ ಹಿನ್ನೆಲೆಯ ಮೇಲೆ ಶುದ್ಧ ನೀಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡರ ಹೊಳಪಿನ ಅಂತರವನ್ನು ಲೆಕ್ಕ ಹಾಕಿದರೆ ಸುಮಾರು 8.6ಕ್ಕೆ 1ರ ಪ್ರಮಾಣ ಬರುತ್ತದೆ. ಅದೇ ನೀಲಿಯನ್ನು ಕಪ್ಪು ಹಿನ್ನೆಲೆಯ ಮೇಲೆ ಇಟ್ಟರೆ ಪ್ರಮಾಣ ಸುಮಾರು 2.4ಕ್ಕೆ 1ಕ್ಕೆ ಇಳಿಯುತ್ತದೆ. ಮಂದದೃಷ್ಟಿಯವರೂ ಓದುವಂತಿರಲು ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5ಕ್ಕೆ 1 ಬೇಕೆಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2008ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂತ್ರ ಹೇಳುತ್ತದೆ. ಅಕ್ಷರಮಾತ್ರ ಬ್ರೌಸರುಗಳು ಓಡುವ ಟರ್ಮಿನಲ್ ಪರದೆಗಳು ಬಹಳಷ್ಟು ಕಡೆ ಕಪ್ಪಾಗಿಯೇ ಇರುತ್ತವೆ. ಆದ್ದರಿಂದ ‘ನೀಲಿ ಚೆನ್ನಾಗಿ ಕಾಣುತ್ತದೆ’ ಎಂಬ ಮಾತು ಒಂದು ಅಪೇಕ್ಷೆಯಿಂದ ಸತ್ಯ, ಇನ್ನೊಂದು ಅಪೇಕ್ಷೆಯಿಂದ ಅಸತ್ಯ. ಸ್ಯಾದ್ವಾದವನ್ನು ಮಕ್ಕಳಿಗೆ ವಿವರಿಸಲು ಆನೆ ಮತ್ತು ಕುರುಡರ ಕಥೆಯನ್ನೇ ಎಷ್ಟು ಸಲ ಹೇಳುವುದು? ಈ ನೀಲಿಯನ್ನೂ ತೋರಿಸಬಹುದು. ಬಿಳಿಯ ಪರದೆಯ ಮುಂದೆ ಕುಳಿತು ಶೈಲಿಯನ್ನು ನಿಗದಿಪಡಿಸಿದವನು ತನ್ನ ನಯವನ್ನೇ ಸರ್ವಸತ್ಯವೆಂದು ಬಗೆದರೆ ಕಪ್ಪು ಪರದೆಯ ಮುಂದಿನ ವೃದ್ಧನು ಕಣ್ಣು ಕಿರಿದು ಮಾಡಿಕೊಂಡು ತಡಕಾಡಬೇಕಾಗುತ್ತದೆ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಅಧಿಕರಣಗಳನ್ನು ಜೀವ ಮತ್ತು ಅಜೀವ ಎಂದು ಎರಡಾಗಿ ವಿಭಾಗಿಸಿದ್ದಾರೆ. ಜೀವಾಧಿಕರಣದ 108 ಭೇದಗಳು ಜಪಮಾಲೆಯ 108 ಮಣಿಗಳ ನೆಪದಲ್ಲಿ ಹಲವರಿಗೆ ಪರಿಚಿತ. ಅಜೀವಾಧಿಕರಣದಲ್ಲಿ ‘ನಿಕ್ಷೇಪ’ವೂ ಸೇರಿದೆ ಎಂಬುದು ಅಷ್ಟು ಪರಿಚಿತವಲ್ಲ. ಅದಕ್ಕೆ ನಾಲ್ಕು ಭೇದಗಳು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅವನ್ನು ಹೆಸರಿಸಿದ್ದಾರೆ. ನೋಡದೆ ಇಡುವುದು ಅಪ್ರತ್ಯವೇಕ್ಷಿತ, ಸರಿಯಾಗಿ ಗುಡಿಸದೆ ಇಡುವುದು ದುಷ್ಪ್ರಮೃಷ್ಟ, ಅವಸರದಲ್ಲಿ ಇಡುವುದು ಸಹಸಾ, ಉಪಯೋಗವಿಲ್ಲದೆ, ಅಂದರೆ ಮನಸ್ಸನ್ನು ಅಲ್ಲಿ ನಿಲ್ಲಿಸದೆ ಇಡುವುದು ಅನಾಭೋಗ. ಈ ನಾಲ್ಕರಲ್ಲಿ ಎಲ್ಲಿಯೂ ದ್ವೇಷದ ಪ್ರಸ್ತಾಪವಿಲ್ಲ. ಯಾರಿಗಾದರೂ ನೋವಾಗಲಿ ಎಂದು ಬಯಸಿ ಇಟ್ಟವನ ಮಾತೇ ಇಲ್ಲಿಲ್ಲ. ನೋಡಲಿಲ್ಲ, ಅವಸರವಿತ್ತು, ಮನಸ್ಸು ಬೇರೆಡೆಯಿತ್ತು, ಅಷ್ಟೇ. ಡೀಫಾಲ್ಟುಗಳಲ್ಲಿ ಕಾಣುವ ದೋಷಗಳ ಬಹುಪಾಲು ಇದೇ ಜಾತಿಯವು. ಶೈಲಿಕಡತವನ್ನು ಯಾವುದೋ ಹಳೆಯ ಯಂತ್ರದಿಂದ ತಂದು ಹಾಗೆಯೇ ಇಟ್ಟರೆ ಅದು ಅನಾಭೋಗ ನಿಕ್ಷೇಪವಲ್ಲದೆ ಮತ್ತೇನು?

ಬಣ್ಣದ ವಿಷಯವನ್ನು ಹಿಂಸೆಯವರೆಗೆ ಎಳೆಯುವುದು ಅತಿಶಯವಲ್ಲವೇ ಎಂದು ಕೆಲವರು ಕೇಳಬಹುದು. ಕಣ್ಣು ದಣಿದದ್ದನ್ನು ಪ್ರಾಣವ್ಯಪರೋಪಣವೆಂದು ಕೂಗಿದರೆ ಖಂಡಿತವಾಗಿ ಅತಿಶಯವೇ. ಆದರೂ ನಮ್ಮ ಶಾಸ್ತ್ರವು ಗಣಿಸುವ ಹತ್ತು ಪ್ರಾಣಗಳಲ್ಲಿ ಚಕ್ಷುರಿಂದ್ರಿಯವೂ ಒಂದು ಎಂಬುದನ್ನು ಮರೆಯಲಾಗದು. ಅದಕ್ಕಿಂತ ಮುಖ್ಯವಾಗಿ, ಪ್ರಮಾದದ ವಿಚಾರದಲ್ಲಿ ಜೈನದೃಷ್ಟಿಯು ಫಲದ ಗಾತ್ರವನ್ನು ಮೊದಲು ಅಳೆಯುವುದಿಲ್ಲ. ಮಾಡಿದವನ ಎಚ್ಚರವನ್ನು ಮೊದಲು ಕೇಳುತ್ತದೆ. ಎಚ್ಚರದಿಂದ ನಡೆದ ಮುನಿಯ ಕಾಲಡಿಗೆ ಜೀವಿಯೊಂದು ಹಠಾತ್ತನೆ ಬಂದು ಸತ್ತರೂ ಅವರಿಗೆ ಹಿಂಸೆಯ ದೋಷವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ ಯಾವ ಜೀವಿಯೂ ಸಾಯದಿದ್ದರೂ ದೋಷವುಂಟು.

ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ಡೀಫಾಲ್ಟ್ ಬಂಧನವಲ್ಲ, ಇಷ್ಟವಿಲ್ಲದವನು ಬದಲಾಯಿಸಿಕೊಳ್ಳಬಹುದು, ಆದ್ದರಿಂದ ಹೊಣೆ ಓದುಗನದು ಎಂಬ ವಾದವದು. ಲಿಂಕ್ಸ್ ಬ್ರೌಸರಿನಲ್ಲಿ ಒಂದು ಕೀಲಿಯನ್ನು ಒತ್ತಿದರೆ ಆಯ್ಕೆಗಳ ಪುಟ ತೆರೆಯುತ್ತದೆ, ನಿಜ. ಆದರೆ ಆ ಪುಟವೂ ಅದೇ ಬಣ್ಣಗಳಲ್ಲಿ ತೆರೆಯುತ್ತದೆ. ಕಪ್ಪಿನ ಮೇಲಿನ ನೀಲಿಯನ್ನು ಓದಲಾರದವನು ಆ ನೀಲಿಯನ್ನು ಬದಲಾಯಿಸುವ ಸೂಚನೆಯನ್ನೂ ಓದಲಾರ. ಬದಲಾವಣೆ ಯಾರಿಗೆ ಅತ್ಯಗತ್ಯವೋ ಅವರಿಗೇ ಅದು ಅತಿ ದೂರ. ಯಾರಿಗೆ ಸುಲಭವೋ ಅವರಿಗೆ ಬೇಕಾಗಿಯೇ ಇಲ್ಲ. ಬಸದಿಯ ಮೆಟ್ಟಿಲ ಮೇಲೆ ಕೊಡವನ್ನಿಟ್ಟು, ‘ಬೇಕಾದವರು ಸರಿಸಿಕೊಳ್ಳಲಿ’ ಎಂದರೆ ಕಣ್ಣು ಕಾಣುವವರು ಸರಿಸುತ್ತಾರೆ, ಕಾಣದವರು ಎಡವುತ್ತಾರೆ. ಆದುದರಿಂದ ಬದಲಾಯಿಸುವ ಸ್ವಾತಂತ್ರ್ಯವನ್ನು ಕೊಟ್ಟದ್ದು ಸ್ತುತ್ಯವಾದರೂ ಅದು ಇಟ್ಟವನನ್ನು ಪೂರ್ಣವಾಗಿ ಮುಕ್ತಗೊಳಿಸಲಾರದು.

ಹಾಗಾದರೆ ಕೊನೆಯ ಮಾತು ಯಾರದಾಗಬೇಕು? ಬರೆದವನದೇ, ಓದುವವನದೇ, ನಡುವೆ ಡೀಫಾಲ್ಟ್ ಇಟ್ಟವನದೇ? ಗ್ರಂಥದ ವಿಷಯ ಬೇರೆ, ಅದು ತೊಡುವ ರೂಪ ಬೇರೆ ಎಂಬುದು ನಮಗೆ ಹೊಸತಲ್ಲ. ಮೂಡಬಿದಿರೆಯ ಧವಲಾ ತಾಡವಾಲೆಗಳು ಭಾಷೆಯಿಂದ ಪ್ರಾಕೃತ ಮತ್ತು ಸಂಸ್ಕೃತ, ಲಿಪಿಯಿಂದ ಕನ್ನಡ. 1939ರಿಂದ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಅದೇ ಗ್ರಂಥ ನಾಗರೀ ಲಿಪಿಯಲ್ಲಿ 16 ಸಂಪುಟಗಳಾಗಿ ಅಚ್ಚಾಯಿತು. ಸಿದ್ಧಾಂತ ಬದಲಾಗಲಿಲ್ಲ, ಓದುವವರಿಗೆ ತಕ್ಕಂತೆ ಉಡುಗೆ ಬದಲಾಯಿತು. ಜಾಲಲೋಕದಲ್ಲಿ ಈ ವಿಂಗಡಣೆಯನ್ನು ವ್ಯವಸ್ಥಿತವಾಗಿ ಮಾಡಲು ಹೊರಟವರು ನಾರ್ವೆಯ ಹೋಕೋನ್ ವಿಯಂ ಲೀ. ಅವರು 1994ರ ಅಕ್ಟೋಬರಿನಲ್ಲಿ ಮುಂದಿಟ್ಟ ಶೈಲಿಹಾಳೆಗಳ ಪ್ರಸ್ತಾವದಲ್ಲಿ, ಬರೆದವನ ಇಚ್ಛೆಗೂ ಓದುವವನ ಇಚ್ಛೆಗೂ ಶೇಕಡಾವಾರು ಪ್ರಭಾವವನ್ನು ಹಂಚುವ ಯೋಚನೆಯಿತ್ತು. ಅನೇಕಾಂತಕ್ಕೆ ಹತ್ತಿರವಾದ ಆ ಯೋಚನೆ ಉಳಿಯಲಿಲ್ಲ. 1996ರ ಡಿಸೆಂಬರಿನಲ್ಲಿ ಅಂಗೀಕೃತವಾದ ಮೊದಲ ನಿಯಮಾವಳಿಯಂತೆ, ಇಬ್ಬರೂ ‘ಇದು ಮುಖ್ಯ’ ಎಂದು ಗುರುತು ಮಾಡಿದಾಗ ಬರೆದವನೇ ಗೆಲ್ಲುತ್ತಿದ್ದ. 1998ರ ಮೇ ತಿಂಗಳ ಎರಡನೆಯ ನಿಯಮಾವಳಿ ಇದನ್ನು ತಿರುಗಿಸಿತು. ದೊಡ್ಡ ಅಕ್ಷರವೋ ಬೇರೆ ಬಣ್ಣವೋ ಅನಿವಾರ್ಯವಾದ ಓದುಗರನ್ನು ನೆನೆದು, ಕೊನೆಯ ಮಾತನ್ನು ಅವರಿಗೆ ಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಆ ತಿದ್ದುಪಡಿ ಧರ್ಮಕ್ಕೆ ಸಮ್ಮತವಾದದ್ದು.

ಈ ನಿಯಮಾವಳಿಗಳಲ್ಲಿ ಬ್ರೌಸರಿನ ಡೀಫಾಲ್ಟಿಗೆ ಎಲ್ಲರಿಗಿಂತ ಕೆಳಗಿನ ಆಸನ. ಯಾರು ಬಂದರೂ ಅದು ಎದ್ದು ಜಾಗ ಬಿಡಬೇಕು. ಆದರೆ ಲಿಂಕ್ಸ್ ಜಾಲಪುಟದ ಲೇಖಕರ ಶೈಲಿಹಾಳೆಗಳನ್ನು ಪಾಲಿಸುವುದಿಲ್ಲ; ಬಹುಮಂದಿ ಓದುಗರು ತಮ್ಮ ಇಚ್ಛೆಯನ್ನು ಎಂದೂ ಬರೆದಿಡುವುದಿಲ್ಲ. ಹೀಗಾಗಿ ಕೆಳಗೆ ಕುಳಿತದ್ದೇ ಸಭೆಯನ್ನು ನಡೆಸುತ್ತದೆ.

ಏನನ್ನೂ ಇಡದಿರುವುದೇ ಲೇಸೆಂದು ಹೇಳುವಂತೆಯೂ ಇಲ್ಲ. ಸಮಿತಿಯು ಇಡುವುದನ್ನು ನಿಷೇಧಿಸಲಿಲ್ಲ. ಅದು ಗುಪ್ತಿಯ ಕ್ಷೇತ್ರ. ಕಮಂಡಲುವನ್ನು ಎಲ್ಲಾದರೂ ಇಡಲೇಬೇಕು. ಲಿಂಕ್ಸ್ ಶೈಲಿಕಡತದ ರಚನೆಯಲ್ಲೇ ಇದಕ್ಕೊಂದು ಒಳ್ಳೆಯ ದಾರಿಯಿದೆ. ಅದರ ಪ್ರತಿಯೊಂದು ಸಾಲಿನಲ್ಲಿ ಅಂಶದ ಹೆಸರಾದ ಮೇಲೆ, ಬಣ್ಣಕ್ಕಿಂತ ಮುಂಚೆ, ಬಣ್ಣವೇ ಇಲ್ಲದ ಪರದೆಯಲ್ಲಿ ಅದು ಹೇಗೆ ಕಾಣಬೇಕೆಂದು ಬರೆಯಬೇಕು: ದಪ್ಪವಾಗಿಯೋ, ಅಡಿಗೆರೆಯೊಂದಿಗೋ, ಬಿಳಿಕಪ್ಪು ಅದಲುಬದಲಾಗಿಯೋ. ಇಲ್ಲದವನನ್ನು ಮೊದಲು ವಿಚಾರಿಸಿ ಉಳ್ಳವನ ಬಳಿಗೆ ಆಮೇಲೆ ಹೋಗುವ ಕ್ರಮವಿದು. ಅಡಿಗೆರೆಯಿಂದ ಗುರುತಿಸಿದ ಕೊಂಡಿ ಬಣ್ಣ ಕಾಣದವನಿಗೂ ಕಾಣುತ್ತದೆ. ಜೊತೆಗೆ, ಬಣ್ಣದ ಜಾಗದಲ್ಲಿ ಹೆಸರಿನ ಬದಲು ‘ಡೀಫಾಲ್ಟ್’ ಎಂಬ ಪದವನ್ನೇ ಬರೆದರೆ, ಓದುಗನ ಪರದೆ ಈಗಾಗಲೇ ಯಾವ ಬಣ್ಣದಲ್ಲಿದೆಯೋ ಅದನ್ನೇ ಉಳಿಸು ಎಂದರ್ಥ. ಪರರ ಪರದೆಯ ಮೇಲೆ ತನ್ನ ಅಭಿರುಚಿಯ ಸ್ವಾಮ್ಯವನ್ನು ಬಿಡುವ ಈ ಸಣ್ಣ ತ್ಯಾಗವನ್ನು ಅಪರಿಗ್ರಹದ ಅಂಚಿಗಾದರೂ ಸೇರಿಸಬಹುದು.

ಬಣ್ಣವೊಂದೇ ಅಲ್ಲ. ಕರ್ಸರ್ ಕಣ್ಣಿಗೆ ಅಡ್ಡಬಾರದಿರಲೆಂದು ಅದನ್ನು ಪರದೆಯ ಬಲಮೂಲೆಯಲ್ಲಿ ಅಡಗಿಸಿಡುವ ಏರ್ಪಾಡು ಲಿಂಕ್ಸಿನಲ್ಲಿದೆ. ದೃಷ್ಟಿಯುಳ್ಳವರಿಗೆ ಇದು ಅಚ್ಚುಕಟ್ಟು. ಆದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಕರ್ಸರನ್ನು ಹಿಂಬಾಲಿಸುವಂಥದಾಗಿದ್ದರೆ, ಮೂಲೆಗೆ ಸರಿದ ಕರ್ಸರಿನಿಂದ ದೃಷ್ಟಿಹೀನ ಓದುಗನಿಗೆ ತಾನು ಯಾವ ಕೊಂಡಿಯ ಮೇಲಿದ್ದೇನೆಂದು ತಿಳಿಯುವುದಿಲ್ಲ. ಸಂರಚನಾ ಕಡತದ ಒಂದು ಸಾಲನ್ನು ತಿದ್ದಿದರೆ ಕರ್ಸರ್ ಆಯ್ದ ಕೊಂಡಿಯ ಮೊದಲಿಗೇ ಬಂದು ನಿಲ್ಲುತ್ತದೆ. ಒಬ್ಬರ ಅಚ್ಚುಕಟ್ಟು ಇನ್ನೊಬ್ಬರ ದಾರಿತಪ್ಪಾಗುವುದು ಹೀಗೆ.

ಬಸದಿಗಳ ಟ್ರಸ್ಟುಗಳಿಗೆ ಈ ವಿಚಾರ ದೂರದ್ದಲ್ಲ. ಚಾತುರ್ಮಾಸದ ಕಾರ್ಯಕ್ರಮವನ್ನೋ ಪಂಚಕಲ್ಯಾಣದ ಆಮಂತ್ರಣವನ್ನೋ ಇಡೀ ಪುಟದ ಚಿತ್ರವಾಗಿ ಜಾಲತಾಣಕ್ಕೆ ಏರಿಸುವುದು ವಾಡಿಕೆಯಾಗಿದೆ. ಚಿತ್ರಕ್ಕೆ ಬದಲಿ ಬರಹವನ್ನು ಕೊಡದಿದ್ದರೆ ಅಕ್ಷರಮಾತ್ರ ಬ್ರೌಸರಿನಲ್ಲಿ ಅಲ್ಲಿ ದಿನಾಂಕವಿಲ್ಲ, ಮುನಿಗಳ ಹೆಸರಿಲ್ಲ, ಊಟದ ವ್ಯವಸ್ಥೆಯ ಮಾತೂ ಇಲ್ಲ. ಒಂದು ಚಿತ್ರ ಇತ್ತೆಂಬ ಗುರುತು ಮಾತ್ರ. ಕನ್ನಡಕ್ಕೆ ಇನ್ನೊಂದು ತೊಡಕುಂಟು. ಟರ್ಮಿನಲ್ ಪರದೆಯು ಸಮಾನ ಅಗಲದ ಚೌಕಗಳಲ್ಲಿ ಅಕ್ಷರಗಳನ್ನು ಜೋಡಿಸುತ್ತದೆ. ನಮ್ಮ ಒತ್ತಕ್ಷರಗಳು ಆ ಚೌಕಗಳಿಗೆ ಒಗ್ಗುವುದಿಲ್ಲ. ಯಾವ ಶೈಲಿಕಡತವೂ ಇದನ್ನು ಸರಿಪಡಿಸಲಾರದು. ಆದರೆ ಧ್ವನಿಯ ಮೂಲಕ ಕೇಳುವವನಿಗೆ ಚೌಕದ ತೊಂದರೆಯಿಲ್ಲ. ಅವನಿಗೆ ಬೇಕಾದದ್ದು ಬರಹ ಬರಹವಾಗಿಯೇ ಇರುವುದು.

ಟ್ರಸ್ಟಿನ ವಾಚನಾಲಯದಲ್ಲಿ ಯಂತ್ರವೊಂದನ್ನು ಇಟ್ಟು ಅದರ ಏರ್ಪಾಡನ್ನು ನಿಗದಿಪಡಿಸುವ ತರುಣರು, ಕಡತವನ್ನು ಉಳಿಸುವ ಮುನ್ನ ಕಪ್ಪು ಹಿನ್ನೆಲೆಯಲ್ಲಿ ಒಮ್ಮೆ, ಬಿಳಿಯ ಹಿನ್ನೆಲೆಯಲ್ಲಿ ಒಮ್ಮೆ, ಬಣ್ಣವನ್ನು ಪೂರ್ಣ ತೆಗೆದು ಒಮ್ಮೆ ನೋಡಲಿ. ಸಾಧ್ಯವಾದರೆ ಕನ್ನಡಕ ಹಾಕುವ ಹಿರಿಯರೊಬ್ಬರನ್ನು ಕೂರಿಸಿ ಓದಿಸಲಿ. ಲಿಂಕ್ಸಿನ ಕಡತಗಳಲ್ಲಿ ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಯಂತ್ರ ಓದದೆ ಬಿಡುತ್ತದೆ. ಬದಲಾಯಿಸಿದ ಹಳೆಯ ಸಾಲನ್ನು ಅಳಿಸದೆ ಆ ಚಿಹ್ನೆಯ ಹಿಂದೆ ಉಳಿಸಿ, ಯಾರಿಗಾಗಿ ಬದಲಾಯಿಸಿದೆವೆಂದು ಅದರ ಮೇಲೆ ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟರೆ, ಮುಂದೆ ಅದೇ ಕಡತವನ್ನು ಎತ್ತಿಕೊಳ್ಳುವವನಿಗೆ ಏನನ್ನು ಎತ್ತುತ್ತಿದ್ದೇನೆಂಬುದು ಗೊತ್ತಿರುತ್ತದೆ. ಸಮಿತಿಯ ಹೆಸರಿನಲ್ಲಿ ಆದಾನವೂ ಇದೆಯಷ್ಟೆ.